ಕೊಳಲಿಗೆ ಅಡ್ಡ ಬರುವ ಮುಖದ ನೋವು

ಕೊಳಲನ್ನು ಕೆಳತುಟಿಗೆ ಆನಿಸಿ ಉಸಿರು ಬಿಟ್ಟರೆ ಗಾಳಿ ಮೇಲ್ತುಟಿಯನ್ನು ಸವರಿಕೊಂಡು ಹೋಗಿ ರಂಧ್ರದ ಆಚೆ ಅಂಚಿಗೆ ಬಡಿಯುತ್ತದೆ. ವರ್ಷಗಟ್ಟಲೆ ನುಡಿಸಿದವರಿಗೆ ಇದು ಗಮನಕ್ಕೂ ಬಾರದು. ಆದರೆ ಟ್ರೈಜೆಮಿನಲ್ ನ್ಯೂರಾಲ್ಜಿಯಾ ಎಂಬ ಮುಖದ ನರನೋವು ಇರುವವರಿಗೆ ಅಷ್ಟು ಸ್ಪರ್ಶವೇ ಸಾಕಾಗಬಹುದು. ಕೆನ್ನೆಯಲ್ಲಿ ಕರೆಂಟ್ ಹೊಡೆದ ಹಾಗಾಗಿ ಕೊಳಲು ಕೆಳಗಿಳಿಯುತ್ತದೆ.

ಮಿದುಳಿನಿಂದ ಹೊರಡುವ 12 ಜೊತೆ ನರಗಳಲ್ಲಿ ಐದನೆಯದು ಟ್ರೈಜೆಮಿನಲ್. ಮುಖದ ಸ್ಪರ್ಶ, ನೋವು, ಬಿಸಿ, ತಂಪು ಇವನ್ನೆಲ್ಲ ಮಿದುಳಿಗೆ ಮುಟ್ಟಿಸುವುದು ಇದರ ಕೆಲಸ. ಇದಕ್ಕೆ ಮೂರು ಕವಲು. ಮೊದಲನೆಯದು ಹಣೆ, ಕಣ್ಣಿನ ಭಾಗಕ್ಕೆ. ಎರಡನೆಯದು ಕೆನ್ನೆ, ಮೇಲ್ತುಟಿಗೆ. ಮೂರನೆಯದು ಕೆಳತುಟಿ, ಗಲ್ಲಕ್ಕೆ. ನೋವು ಹೆಚ್ಚಾಗಿ ಕಾಣಿಸಿಕೊಳ್ಳುವುದು ಕೊನೆಯ ಎರಡು ಕವಲುಗಳಲ್ಲಿ, ಅಂದರೆ ಕೊಳಲು ಕೂರುವ ಜಾಗದಲ್ಲೇ. ತುಟಿಯನ್ನು ಕೂಡಿಸಿ ಊದುವ ಸ್ನಾಯುಗಳನ್ನು ನಡೆಸುವುದು ಬೇರೆ ನರ, ಏಳನೆಯದು. ಹಾಗಾಗಿ ನೋವು ಬಂತೆಂದು ಊದುವ ಶಕ್ತಿಯಾಗಲಿ ಕಲಿತ ವಿದ್ಯೆಯಾಗಲಿ ಹೋಗಿರುವುದಿಲ್ಲ.

ಮಿದುಳುಕಾಂಡದ ಬಳಿ ಒಂದು ರಕ್ತನಾಳ ಈ ನರದ ಬುಡವನ್ನು ಒತ್ತುತ್ತಿರುವುದೇ ಬಹಳ ಮಂದಿಯಲ್ಲಿ ಕಾರಣ. ಒತ್ತಿದಲ್ಲಿ ನರದ ಮೇಲಿನ ಹೊದಿಕೆ ಸವೆದು, ಹಗುರ ಸ್ಪರ್ಶವೂ ಸಿಡಿಯುವ ನೋವಾಗುತ್ತದೆ. ಒಂದೊಂದು ಸಿಡಿತ ಕ್ಷಣಮಾತ್ರದಿಂದ ಎರಡು ನಿಮಿಷದವರೆಗೆ ಇರಬಹುದು. ಮುಖದ ಒಂದೇ ಬದಿಗೆ ಬರುವುದು ಸಾಮಾನ್ಯ. ನೋವಿನ ದಿನಗಳಲ್ಲಿ ಕೆಲವರು ಆ ಬದಿಯ ಗಡ್ಡ ಬೋಳಿಸುವುದಿಲ್ಲ, ಆ ಬದಿಯಲ್ಲಿ ಅಗಿಯುವುದಿಲ್ಲ, ಫ್ಯಾನಿನ ಗಾಳಿಗೂ ಮುಖ ಕೊಡುವುದಿಲ್ಲ. ಹಲ್ಲುನೋವೆಂದು ತಿಳಿದು ಗಟ್ಟಿಯಾದ ಹಲ್ಲನ್ನೇ ಕೀಳಿಸಿಕೊಂಡವರೂ ಇದ್ದಾರೆ. ಹೀಗೆ ತಿನ್ನುವುದೇ ಕಷ್ಟವಾದಾಗ, ಕೊಳಲು ಬಿಟ್ಟದ್ದನ್ನು ವೈದ್ಯರ ಮುಂದೆ ಹೇಳಲು ಸಂಕೋಚ. ಹವ್ಯಾಸ ತಾನೇ ಎಂದು ಮನೆಯವರೂ ಸುಮ್ಮನಾಗುತ್ತಾರೆ. ಇದು ಸರಿಯಲ್ಲ. ಯಾವ ಚಿಕಿತ್ಸೆ ಒಗ್ಗುತ್ತದೆ ಎಂಬುದನ್ನು ಕೆಲವೊಮ್ಮೆ ಆ ಕೊಳಲೇ ತೀರ್ಮಾನಿಸಬೇಕಾಗುತ್ತದೆ.

ಮಾಮೂಲಿ ನೋವಿನ ಗುಳಿಗೆಗಳು ಇದಕ್ಕೆ ನಾಟುವುದಿಲ್ಲ. 1962ರಿಂದ ಬಳಕೆಯಲ್ಲಿರುವ ಕಾರ್ಬಮಜೆಪಿನ್ ಇವತ್ತಿಗೂ ಮೊದಲ ಮದ್ದು. ಮೂಲತಃ ಅದು ಮೂರ್ಛೆರೋಗದ ಔಷಧ. ತೂಕಡಿಕೆ, ತಲೆಸುತ್ತು ಬರಬಹುದು, ರಕ್ತದಲ್ಲಿ ಸೋಡಿಯಂ ಇಳಿಯಬಹುದು. ಮೈಮೇಲೆ ಗಂಧೆ ಎದ್ದರೆ ತಕ್ಷಣ ವೈದ್ಯರನ್ನು ಕಾಣಬೇಕು. ಸಂಗೀತಗಾರರು ತಿಳಿದಿರಬೇಕಾದ ಇನ್ನೊಂದು ಪರಿಣಾಮವಿದೆ. ಅಪರೂಪಕ್ಕೆ ಈ ಗುಳಿಗೆ ಕಿವಿಗೆ ಶ್ರುತಿಯನ್ನೇ ಇಳಿಸಿ ಕೇಳಿಸುತ್ತದೆ, ಸುಮಾರು ಅರ್ಧ ಸ್ವರದಷ್ಟು. ಜಪಾನಿನ ವೈದ್ಯರು ಇಂಥ ಹಲವು ಪ್ರಕರಣಗಳನ್ನು ದಾಖಲಿಸಿದ್ದಾರೆ. ಎಂದಿನ ಶ್ರುತಿಪೆಟ್ಟಿಗೆ, ಎಂದಿನ ಕೊಳಲು, ಆದರೂ ಷಡ್ಜ ತಗ್ಗಿದಂತೆ ಕೇಳಿದರೆ ಎಂಥವರೂ ಗಾಬರಿಯಾಗುತ್ತಾರೆ. ಕೆಟ್ಟಿರುವುದು ವಾದ್ಯವೂ ಅಲ್ಲ, ಅಭ್ಯಾಸವೂ ಅಲ್ಲ. ಮದ್ದು ನಿಲ್ಲಿಸಿದರೆ ಇದು ಸರಿಹೋಗುತ್ತದೆ. ಆದರೆ ತಾವಾಗಿಯೇ ತಟಕ್ಕನೆ ನಿಲ್ಲಿಸಬಾರದು. ಹೇಳಿದರೆ ವೈದ್ಯರು ಬೇರೆ ಔಷಧಕ್ಕೆ ಬದಲಿಸಬಹುದು. ಶ್ರುತಿಯ ಈ ತೊಂದರೆ ಇಲ್ಲದವರು ದಿನದಲ್ಲಿ ಗುಳಿಗೆಯ ಬಲ ಏರುವ ಹೊತ್ತು ಯಾವುದೆಂದು ಕೇಳಿಕೊಂಡು ಅಭ್ಯಾಸವನ್ನು ಆ ಹೊತ್ತಿಗೆ ಇಟ್ಟುಕೊಳ್ಳಬಹುದು. ನೋವು ಜೋರಾದ ದಿನ ಊದದೆ ಬರೀ ಬೆರಳಾಡಿಸಿದರೂ ಕೈ ಮರೆಯುವುದಿಲ್ಲ.

ಮದ್ದಿಗೆ ಬಗ್ಗದಿದ್ದರೆ ಶಸ್ತ್ರಚಿಕಿತ್ಸೆಯ ಮಾತು ಬರುತ್ತದೆ. ಅದಕ್ಕೂ ಮುಂಚೆಯೇ ಎಂಆರ್‌ಐ ಮಾಡಿಸಿ, ಗೆಡ್ಡೆ ಅಥವಾ ಮಲ್ಟಿಪಲ್ ಸ್ಕ್ಲೆರೋಸಿಸ್ ಎಂಬ ನರರೋಗ ಇಲ್ಲವೆಂದು ನೋಡಿರಬೇಕು. 1960ರ ದಶಕದಲ್ಲಿ ಅಮೆರಿಕದ ಪೀಟರ್ ಜಾನೆಟ್ಟಾ ಬೆಳೆಸಿದ ವಿಧಾನದಲ್ಲಿ ಕಿವಿಯ ಹಿಂದೆ ಸಣ್ಣ ಕಿಂಡಿ ಕೊರೆದು, ರಕ್ತನಾಳ ಮತ್ತು ನರದ ನಡುವೆ ಟೆಫ್ಲಾನ್ ತುಣುಕನ್ನು ಇಡುತ್ತಾರೆ. ಹತ್ತು ವರ್ಷದ ಬಳಿಕವೂ ನೂರಕ್ಕೆ ಸುಮಾರು 70 ಮಂದಿ ನೋವಿಲ್ಲದೆ ಇರುತ್ತಾರೆ. ಆದರೆ ಕೇಳಿಸುವ ನರ ಪಕ್ಕದಲ್ಲೇ ಇರುವುದರಿಂದ ಆ ಬದಿಯ ಕಿವಿಗೆ ಸ್ವಲ್ಪ ಅಪಾಯ ಇದ್ದೇ ಇದೆ. ಸೂಜಿಯಿಂದ ನರವನ್ನು ಬಿಸಿಮಾಡುವುದು, ಬಲೂನಿನಿಂದ ಒತ್ತುವುದು, ವಿಕಿರಣ ಹಾಯಿಸುವುದು ಇವಕ್ಕೆ ತಲೆ ತೆರೆಯಬೇಕಿಲ್ಲ, ವಯಸ್ಸಾದವರಿಗೆ ಹಗುರ. ಆದರೆ ಇವುಗಳಿಂದ ಮುಖ ಜೋಮು ಹಿಡಿಯಬಹುದು. ಬೇರೆಯವರು ಕೆಳತುಟಿಯ ಜೋಮಿಗೆ ಒಗ್ಗಿಕೊಂಡಾರು. ಕೊಳಲಿನವರು ರಂಧ್ರ ಎಲ್ಲಿ ಕೂತಿದೆಯೆಂದು ತಿಳಿಯುವುದೇ ಆ ತುಟಿಯಿಂದ. ಆದ್ದರಿಂದ ಒಪ್ಪಿಗೆಯ ಕಾಗದಕ್ಕೆ ಸಹಿ ಹಾಕುವ ಮೊದಲೇ, ತಾವು ಕೊಳಲು ನುಡಿಸುತ್ತೇವೆ, ಯಾವ ಬದಿಗೆ ಹಿಡಿಯುತ್ತೇವೆ ಎಂಬುದನ್ನು ಶಸ್ತ್ರವೈದ್ಯರಿಗೆ ಬಾಯಿಬಿಟ್ಟು ಹೇಳಬೇಕು. ಸಾಧ್ಯವಾದರೆ ವಾದ್ಯವನ್ನೇ ಒಯ್ದು ಅದು ತುಟಿಯ ಮೇಲೆ ಕೂರುವ ಜಾಗವನ್ನು ತೋರಿಸಬೇಕು.