ತುತ್ತಿನ ಮುಂದೆ ಸೋತವರು

ಕುಡುಕನನ್ನು ಕಂಡು ಮರುಗುವವರುಂಟು. ಹೊಟ್ಟೆಬಾಕನನ್ನು ಕಂಡರೆ ನಗುವವರೇ ಹೆಚ್ಚು. ಆದರೆ ಮನೆಮಂದಿಯೆಲ್ಲ ಮಲಗಿದ ಮೇಲೆ, ಅಡಿಗೆಮನೆಯ ದೀಪ ಹಚ್ಚದೆ, ಡಬ್ಬಿಯ ಮುಚ್ಚಳವನ್ನು ಸದ್ದಾಗದಂತೆ ತೆರೆದು, ಹಸಿವಿಲ್ಲದೆಯೇ ತಿನ್ನುವವರ ಸಂಕಟ ನಗೆಯ ವಸ್ತುವಲ್ಲ.

1958ರಲ್ಲಿ ಅಮೆರಿಕದ ರೋಜಾನ್ ಎಂಬ ಗೃಹಿಣಿ, ಸ್ನೇಹಿತರೊಬ್ಬರಿಗೆ ನೆರವಾಗಲೆಂದು ಜೂಜಿನ ಚಟದವರ ಸಭೆಯೊಂದಕ್ಕೆ ಹೋದಳು. ಜೂಜುಗಾರರು ತೋಡಿಕೊಂಡ ಅಳಲಿನಲ್ಲಿ ಆಕೆಗೆ ತನ್ನದೇ ಕಥೆ ಕೇಳಿಸಿತು. ಇಸ್ಪೀಟಿನ ಎಡೆಯಲ್ಲಿ ತಿಂಡಿಯಿತ್ತು, ಅಷ್ಟೆ. 1960ರ ಜನವರಿಯಲ್ಲಿ ಆಕೆ ಇನ್ನಿಬ್ಬರು ಮಹಿಳೆಯರೊಡನೆ ಲಾಸ್ ಏಂಜಲೀಸಿನಲ್ಲಿ ಆರಂಭಿಸಿದ ಕೂಟವೇ ‘ಓವರ್‌ಈಟರ್ಸ್ ಅನಾನಿಮಸ್’.

ಅವರು ಹಿಡಿದ ಹಾದಿ ಕುಡುಕರದೇ. 1935ರಲ್ಲಿ ಏಕ್ರನ್ ನಗರದಲ್ಲಿ ಬಿಲ್ ವಿಲ್ಸನ್ ಹಾಗೂ ಡಾಕ್ಟರ್ ಬಾಬ್ ಸ್ಮಿತ್ ಸಂಧಿಸಿದ್ದು ‘ಆಕ್ಸ್‌ಫರ್ಡ್ ಗ್ರೂಪ್’ ಎಂಬ ಕ್ರೈಸ್ತ ಬಳಗದ ಮೂಲಕ. ತಪ್ಪೊಪ್ಪಿಗೆ, ನೊಂದವರಿಗೆ ಪರಿಹಾರ, ದೇವರಲ್ಲಿ ಶರಣಾಗತಿ—ಆ ಬಳಗದ ಈ ಆಚರಣೆಗಳೇ 1939ರಲ್ಲಿ ಅಚ್ಚಾದ ಹನ್ನೆರಡು ಮೆಟ್ಟಿಲುಗಳಿಗೆ ತಳಹದಿ. ಮೊದಲ ಮೆಟ್ಟಿಲೇ ಕಠಿಣ: ‘ನನ್ನಿಂದಾಗದು’ ಎಂದು ಒಪ್ಪಿಕೊಳ್ಳುವುದು. ದೇವರನ್ನು ಮಾತ್ರ ಅವರವರು ಅರಿತಂತೆ ಭಾವಿಸಬಹುದೆಂದು ಬಾಗಿಲು ತೆರೆದಿಟ್ಟರು. ಅದು ಜಾಣತನವೇ ಸರಿ.

ಕುಡುಕನು ಶೀಸೆಯನ್ನು ಒಡೆದುಹಾಕಬಹುದು. ಅನ್ನವನ್ನು ತೊರೆಯುವುದೆಂತು? ದಿನಕ್ಕೆ ಮೂರು ಬಾರಿ ವೈರಿಯೊಡನೆಯೇ ಪಂಕ್ತಿಯಲ್ಲಿ ಕೂಡಬೇಕು! ಆದುದರಿಂದ ಇವರ ವ್ರತ ಉಪವಾಸವಲ್ಲ. ಹಿಡಿತ ತಪ್ಪಿ ತಿನ್ನುವುದನ್ನು ಬಿಡುವುದು, ಅದೂ ಇದೊಂದು ದಿನದ ಮಟ್ಟಿಗೆ. ಎಷ್ಟೋ ಮಂದಿ ಅಂದಿನ ಊಟವನ್ನು ಮೊದಲೇ ಬರೆದಿಟ್ಟು, ಈ ಹಾದಿಯಲ್ಲಿ ತಮಗಿಂತ ಮುಂದೆ ಸಾಗಿದವರೊಬ್ಬರಿಗೆ ತಿಳಿಸುತ್ತಾರೆ. ರಾತ್ರಿ ಕೈ ಡಬ್ಬಿಯತ್ತ ಚಾಚಿದರೆ, ಮುಚ್ಚಳ ತೆರೆಯುವ ಮುನ್ನ ಅವರಿಗೇ ಟೆಲಿಫೋನ್ ಮಾಡುತ್ತಾರೆ.