ಅಡುಗೆಮನೆ ಕಿಟಕಿಯ ಡಿಶ್

ಸ್ವೀಡನ್ನಿನ ರಾಜಧಾನಿ ಸ್ಟಾಕ್‌ಹೋಮ್‌ನ ಅಂಚಿನಲ್ಲಿರುವ ರಿಂಕೆಬಿ ಬಡಾವಣೆಯ ಒಂದು ಬಾಡಿಗೆ ಫ್ಲ್ಯಾಟಿನಲ್ಲಿ ಅಡುಗೆಮನೆಯ ಕಿಟಕಿಯಿಂದ ಕಬ್ಬಿಣದ ತೋಳೊಂದು ಹೊರಗೆ ಚಾಚಿಕೊಂಡಿತ್ತು. ತುದಿಯಲ್ಲೊಂದು ಡಿಶ್. ಹೊರಗೋಡೆಯ ಮೇಲಿದ್ದುದನ್ನು ಮಾಲೀಕ ಕಂಪನಿ ತೆಗೆಯಲು ಹೇಳಿದಾಗ ಇರಾಕ್ ಮೂಲದ ದಂಪತಿ ಹುಡುಕಿಕೊಂಡ ಉಪಾಯ ಅದು. ಅವರಿಗೆ ಮೂವರು ಮಕ್ಕಳು. ಅರಬ್ಬಿ, ಫಾರ್ಸಿ ಕಾರ್ಯಕ್ರಮಗಳು ಮನೆಗೆ ಬರುತ್ತಿದ್ದುದು ಆ ತಟ್ಟೆಯಿಂದಲೇ.

ಬಾಡಿಗೆ ಕರಾರಿನಲ್ಲಿ ಹೊರಗಡೆ ಆಂಟೆನಾ ಕೂಡದು ಎಂದಿದೆಯಲ್ಲ ಎಂದು ಕಂಪನಿ ಕಾನೂನಿನ ಮೊರೆ ಹೋಯಿತು. 2005ರಲ್ಲಿ ಮೇಲ್ಮನವಿ ನ್ಯಾಯಾಲಯ ಮಾಲೀಕರ ಪರವಾಗಿ ತೀರ್ಪಿತ್ತಿತು. ಒಂದು ಡಿಶ್ಶಿಗಾಗಿ ಐದು ಜನ ಮನೆ ಖಾಲಿ ಮಾಡಿ ನೂರು ಕಿಲೋಮೀಟರಿನಾಚೆಯ ವೆಸ್ಟೆರೋಸ್ ಪಟ್ಟಣಕ್ಕೆ ಗಂಟುಮೂಟೆ ಕಟ್ಟಿದರು. ಆದರೆ ಸುಮ್ಮನಾಗಲಿಲ್ಲ. 2008ರ ಡಿಸೆಂಬರ್ 16ರಂದು ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯ ಅವರ ಪರ ನಿಂತಿತು. ಮಾಹಿತಿ ಪಡೆಯುವ ಸ್ವಾತಂತ್ರ್ಯವೆಂದರೆ ರಾಜಕೀಯ ಸುದ್ದಿಯಷ್ಟೇ ಅಲ್ಲ, ತಮ್ಮ ಭಾಷೆಯ ಹಾಡು, ಮನರಂಜನೆಗಳೂ ಅದರೊಳಗೆ ಸೇರಿವೆ. ಆ ಡಿಶ್ಶಿನಿಂದ ನಿಜವಾದ ಅಪಾಯವೇನೂ ಇರಲಿಲ್ಲ ಎಂಬುದೂ ಲೆಕ್ಕಕ್ಕೆ ಬಂತು. ಜರ್ಮನಿಯ ಸಂವಿಧಾನ ನ್ಯಾಯಾಲಯ 1994ರಲ್ಲೇ ಒಬ್ಬ ತುರ್ಕಿ ಬಾಡಿಗೆದಾರನ ವಿಷಯದಲ್ಲಿ ಹೆಚ್ಚುಕಡಿಮೆ ಇದೇ ದಾರಿ ಹಿಡಿದಿತ್ತು.

ಅಮೆರಿಕದ ಜಗಳದ ರುಚಿ ಬೇರೆ. ಅಲ್ಲಿ 1980ರ ದಶಕದ ಡಿಶ್ಶುಗಳು ಮದುವೆಮನೆಯ ಕೊಪ್ಪರಿಗೆಯನ್ನೂ ನಾಚಿಸುವಂತಿದ್ದವು, ಎರಡು ಮೂರು ಮೀಟರ್ ಅಗಲ. ಪಕ್ಕದ ಮನೆಯವರು ಮುಖ ಸಿಂಡರಿಸಿದ್ದರೆ ತಪ್ಪೇನಿಲ್ಲ. 1994ರಲ್ಲಿ ಡೈರೆಕ್‌ಟಿವಿ ಹದಿನೆಂಟು ಇಂಚಿನ ಪುಟ್ಟ ಡಿಶ್ ತಂದರೂ ಬಡಾವಣೆ ಸಂಘಗಳ ಹಳೆಯ ನಿಷೇಧಗಳು ಹಾಗೆಯೇ ಉಳಿದವು. ಕೊನೆಗೆ ಸಂಸತ್ತು 1996ರ ದೂರಸಂಪರ್ಕ ಕಾಯ್ದೆಯಲ್ಲಿ ಸೂಚನೆ ಕೊಟ್ಟಿತು, ಅಲ್ಲಿನ ಸಂವಹನ ಆಯೋಗ ಅದೇ ವರ್ಷ ನಿಯಮ ಮಾಡಿತು: ಒಂದು ಮೀಟರಿನೊಳಗಿನ ಡಿಶ್ಶಿಗೆ ಸಂಘ ವಿನಾಕಾರಣ ಅಡ್ಡಿ ಮಾಡುವಂತಿಲ್ಲ, ಖರ್ಚು ಹೆಚ್ಚಿಸುವಂತಿಲ್ಲ, ಸಿಗ್ನಲ್ ಕೆಡಿಸುವಂತಿಲ್ಲ. ಅಲಾಸ್ಕದಲ್ಲಿ ಅಳತೆಯ ಮಿತಿಯೂ ಇಲ್ಲ. ಸುರಕ್ಷತೆಗಾಗಿಯೋ ಪಾರಂಪರಿಕ ಕಟ್ಟಡ ಉಳಿಸಲೋ ನಿರ್ಬಂಧ ಹಾಕಬಹುದು, ಆದರೆ ಅದು ಸರಿಯೆಂದು ತೋರಿಸುವ ಹೊಣೆ ಹಾಕಿದವರದ್ದೇ.

ಬಾಡಿಗೆದಾರರಿಗೂ ಈ ಹಕ್ಕು 1999ರಲ್ಲಿ ಸಿಕ್ಕಿತು, ಒಂದು ಕೊಂಕಿನೊಂದಿಗೆ. ಡಿಶ್ ಅವರದೇ ಬಾಲ್ಕನಿಯೊಳಗೆ ಇರಬೇಕು. ಕಂಬಿ ದಾಟಿ ಒಂದಿಂಚು ಚಾಚಿದರೂ ರಕ್ಷಣೆ ಇಲ್ಲ. ಹೊರಗೋಡೆ ಕೊರೆಯಬೇಡಿ ಎಂದು ಮಾಲೀಕರು ಹೇಳಬಹುದು. ಹಾಗಾಗಿ ಬಕೆಟ್ಟಿಗೆ ಕಾಂಕ್ರೀಟ್ ತುಂಬಿ, ಅದರಲ್ಲಿ ಕಂಬ ನೆಟ್ಟು, ಬಾಲ್ಕನಿಯ ಮೂಲೆಯಲ್ಲಿಟ್ಟು, ಚಪ್ಪಟೆ ಕೇಬಲ್ಲನ್ನು ಕಿಟಕಿಯ ಸಂದಿಯಲ್ಲಿ ತೂರಿಸುವ ಪದ್ಧತಿ ಅಲ್ಲಿ ಬೆಳೆಯಿತು. ಗುಲಾಬಿ ಕುಂಡದ ಪಕ್ಕದಲ್ಲಿ ಡಿಶ್ಶಿನ ಕುಂಡ. ರಿಂಕೆಬಿಯ ಆ ಕಬ್ಬಿಣದ ತೋಳಿಗೆ ಅಮೆರಿಕದ ಈ ನಿಯಮದಡಿ ರಕ್ಷಣೆ ಸಿಗುತ್ತಿರಲಿಲ್ಲ ಎಂಬುದು ತಮಾಷೆಯೇ ಸರಿ.

ಬ್ರಿಟನ್ನಿನವರು ಕಣ್ಣಿಗೆ ಕಾಣುವುದನ್ನೇ ಅಳೆಯುತ್ತಾರೆ. ಚಿಮಣಿಯ ಮೇಲಿನ ಡಿಶ್ ಚಿಮಣಿಗಿಂತ ಎತ್ತರವಾಗಬಾರದು. ಸಂರಕ್ಷಿತ ಪ್ರದೇಶದಲ್ಲಿ ರಸ್ತೆಗೆ ಕಾಣುವ ಗೋಡೆಗೆ ಹಾಕಬೇಕಾದರೆ ಅನುಮತಿ ಬೇಕು.

ಬೆಂಗಳೂರಿನ ಅಪಾರ್ಟ್‌ಮೆಂಟುಗಳಲ್ಲಿ ಮಾತ್ರ ಅಮೆರಿಕದ ಆ ಬಕೆಟ್ ಉಪಾಯ ನಡೆಯುವುದು ಕಷ್ಟ. ಕಾರಣ ಕಾನೂನಲ್ಲ, ಭೂಗೋಳ. ಟಿವಿ ಉಪಗ್ರಹಗಳು ಭೂಮಧ್ಯರೇಖೆಯ ಮೇಲೆ 35,786 ಕಿ.ಮೀ. ಎತ್ತರದಲ್ಲಿ ನಿಂತಂತಿರುತ್ತವೆ. ಸ್ಟಾಕ್‌ಹೋಮ್‌ನಿಂದ ನೋಡಿದರೆ ಅವು ದಿಗಂತದಿಂದ 23 ಡಿಗ್ರಿಗಿಂತ ಮೇಲೇರುವುದೇ ಇಲ್ಲ. ಬಾಲ್ಕನಿಯಲ್ಲಿ ಕೂತ ಡಿಶ್ ಕಂಬಿಯ ಮೇಲಿಂದ ಸಲೀಸಾಗಿ ಇಣುಕುತ್ತದೆ. ಕಾಟವೇನಿದ್ದರೂ ಎದುರು ಮನೆಯ ಮರದ್ದು. ಬೆಂಗಳೂರು ಕೇವಲ 13 ಡಿಗ್ರಿ ಉತ್ತರದಲ್ಲಿದೆ. 83 ಡಿಗ್ರಿ ಪೂರ್ವದ ಉಪಗ್ರಹ ಇಲ್ಲಿ ಸುಮಾರು 73 ಡಿಗ್ರಿ ಎತ್ತರದಲ್ಲಿ, ನೆತ್ತಿಯ ಹತ್ತಿರವೇ ಇರುತ್ತದೆ. ಪಕ್ಕದವರ ತೆಂಗಿನಮರ ಅಡ್ಡಬರುವುದು ಅಪರೂಪ. ಅಡ್ಡ ಬರುವುದು ಮೇಲಿನ ಮನೆಯ ಬಾಲ್ಕನಿಯ ಸ್ಲ್ಯಾಬು!

ಹಾಗಾಗಿ ಡಿಶ್ ಒಂದೋ ಕಂಬಿಯಾಚೆ ನೇತಾಡಬೇಕು, ಇಲ್ಲವೇ ಟೆರೇಸಿಗೆ ಹೋಗಬೇಕು. ಎರಡೂ ಕಡೆ ಸಂಘದ ಕಾರ್ಯದರ್ಶಿ ಕಾಯುತ್ತಿರುತ್ತಾರೆ. ಕರ್ನಾಟಕ ಅಪಾರ್ಟ್‌ಮೆಂಟ್ ಮಾಲೀಕತ್ವ ಕಾಯ್ದೆ, 1972ರ ಪ್ರಕಾರ ಮುಖ್ಯ ಗೋಡೆ, ಛಾವಣಿ ಎಲ್ಲರ ಸೊತ್ತು. 2003ರಲ್ಲಿ ಡಿಶ್ ಟಿವಿ, 2006ರಲ್ಲಿ ಟಾಟಾ ಸ್ಕೈ ಬಂದ ಮೇಲೆ ಟೆರೇಸುಗಳಲ್ಲಿ ತಟ್ಟೆಗಳು ಸಾಲುಗಟ್ಟಿದವು. ಆಂಕರ್ ಬೋಲ್ಟಿಗಾಗಿ ಕೊರೆದ ತೂತಿನಿಂದ ಮಳೆಗಾಲದಲ್ಲಿ ಕೊನೆಯ ಮಹಡಿಯವರ ಹಾಲಿಗೆ ನೀರು ಇಳಿಯುತ್ತದೆ. ಡಿಶ್ ಮೊದಲ ಮಹಡಿಯವರದ್ದು, ಒರೆಸುವ ಬಟ್ಟೆ ಐದನೆಯ ಮಹಡಿಯವರದ್ದು. ಬಟ್ಟೆ ಒಣಹಾಕಲು ಬಂದವರು ತಟ್ಟೆಗೆ ಮೊಣಕೈ ತಾಗಿಸಿದರೆ ಕೆಳಗೆ ಧಾರಾವಾಹಿ ನಿಂತುಹೋಗುತ್ತದೆ.

ಇದಕ್ಕೆ ಪರಿಹಾರ ಇಲ್ಲದಿಲ್ಲ. ಒಂದೇ ಡಿಶ್, ಅದರ ಹಿಂದೆ ಸಿಗ್ನಲ್ ಹಂಚುವ ಮಲ್ಟಿಸ್ವಿಚ್, ಅಲ್ಲಿಂದ ಮನೆಮನೆಗೂ ಕೇಬಲ್. ಆದರೆ ಇಡೀ ಕಟ್ಟಡ ಒಂದೇ ಕಂಪನಿಯನ್ನು ಒಪ್ಪಬೇಕು. ಲಿಫ್ಟಿನ ಬಣ್ಣಕ್ಕೇ ಮೂರು ಸಭೆ ಬೇಕಾಗುವಲ್ಲಿ ಅದು ಸುಲಭವಲ್ಲ.

ಈಗ ಟಿವಿ ಇಂಟರ್ನೆಟ್ಟಿನಲ್ಲಿ ಬರತೊಡಗಿದೆ. ಮಾಲೀಕರು ಊರು ಬಿಟ್ಟ ಹಳೆಯ ಡಿಶ್ಶುಗಳು ತುಕ್ಕು ಹಿಡಿದು ನೀರಿನ ಟ್ಯಾಂಕಿನ ಪಕ್ಕ ನಿಂತಿವೆ, ಮೇಲೆ ಕಾಗೆ ಕೂರುತ್ತದೆ. ತೆಗೆಯಿರಿ ಎಂದು ಸಂಘ ನೋಟಿಸ್ ಅಂಟಿಸುತ್ತದೆ. ಇದು ಯಾವ ಮನೆಯದ್ದು ಎಂದರೆ, ಕೇಬಲ್ ಹಿಡಿದು ಹುಡುಕುತ್ತ ಹೋದವರಿಗೆ ನಾಲ್ಕನೆಯ ಮಹಡಿಯ ಡಕ್ಟಿನಲ್ಲಿ ಕತ್ತರಿಸಿದ ತುದಿ ಸಿಗುತ್ತದೆ.