ಅಕ್ಷರಗುಂಡು ಬಾಯಿಬಿಟ್ಟ ಕತೆ

ಮೊಳಕಾಲ್ಮುರು ಸೀಮೆಯ ಜಟಿಂಗ ರಾಮೇಶ್ವರ ಬೆಟ್ಟದಲ್ಲಿ ಜಾತ್ರೆ ನೆರೆದಾಗ ಬಳೆಗಾರರು ಒಂದು ಬಂಡೆಯ ಮೇಲೆ ಅಂಗಡಿ ಹೂಡುತ್ತಿದ್ದರು. ಚಪ್ಪರದ ಗಳು ನಿಲ್ಲಿಸಲು ಆ ಬಂಡೆಯ ಮೈಯಲ್ಲೇ ಕುಳಿಗಳನ್ನು ಕೊರೆದುಕೊಂಡಿದ್ದರು. ಜನರ ಬಾಯಲ್ಲಿ ಅದು ಬಳೆಗಾರರ ಗುಂಡು. ಅಲ್ಲಿಂದ ಸ್ವಲ್ಪ ದೂರದ ಬ್ರಹ್ಮಗಿರಿಯ ಮಗ್ಗುಲಿನ ಇನ್ನೊಂದು ಬಂಡೆಗೆ ಅಕ್ಷರಗುಂಡು ಎಂದು ಹೆಸರು. ಅದಕ್ಕೆ ಔಷಧಿಯ ಗುಣವಿದೆ ಎಂಬುದು ಸುತ್ತಲಿನವರ ನಂಬಿಕೆಯಾಗಿತ್ತು. ಸಿದ್ದಾಪುರದ ಬಳಿಯ ಮೂರನೆಯ ಬಂಡೆಗೆ ಎಮ್ಮೆ ಕಾಯುವವನೊಬ್ಬನ ಹೆಸರು ಅಂಟಿಕೊಂಡಿತ್ತು. ಬಂಡೆಯ ಮೇಲೆ ಏನೋ ಬರೆದಿದೆ ಎಂಬುದನ್ನು ಅಕ್ಷರಗುಂಡಿನ ಹೆಸರೇ ಹೇಳುತ್ತಿತ್ತು. ಏನು ಬರೆದಿದೆ ಎಂಬುದನ್ನು ಹೇಳುವವರು ಮಾತ್ರ ಒಬ್ಬರೂ ಇರಲಿಲ್ಲ.

ಅಂಥದೇ ಬರಹದ ಮುಂದೆ ದೆಹಲಿಯ ಸುಲ್ತಾನನೂ ಕೈಚೆಲ್ಲಿ ನಿಂತಿದ್ದ. 14ನೆಯ ಶತಮಾನದಲ್ಲಿ ತೋಪ್ರಾ ಎಂಬ ಹಳ್ಳಿಯಲ್ಲಿದ್ದ 40 ಅಡಿಗೂ ಮೀರಿದ ಒಂಟಿಕಲ್ಲಿನ ಕಂಬ ಫಿರೋಜ್ ಶಾ ತುಘಲಕನ ಮನಸ್ಸು ಸೆಳೆಯಿತು. ಬೂರುಗದ ಹತ್ತಿಯ ರಾಶಿ ಹಾಸಿ, ಕಂಬವನ್ನು ಮೆಲ್ಲಗೆ ಅದರ ಮೇಲೆ ಒರಗಿಸಿ, ಜೊಂಡು ತೊಗಲುಗಳನ್ನು ಸುತ್ತಿ 42 ಗಾಲಿಗಳ ಬಂಡಿಗೆ ಹೇರಿದರು. ಒಂದೊಂದು ಗಾಲಿಯ ಹಗ್ಗಕ್ಕೆ 200 ಮಂದಿ ಕೈಹಾಕಿದರೆಂದು ಆ ಕಾಲದ ಇತಿಹಾಸಕಾರ ಅಫೀಫ್ ಬರೆದಿಟ್ಟ. ಯಮುನೆಯಲ್ಲಿ ದೋಣಿಗಳ ಮೇಲೆ ತೇಲಿಬಂದ ಕಂಬ ಸುಲ್ತಾನನ ಕೋಟೆಯಲ್ಲಿ ತಲೆಯೆತ್ತಿ ನಿಂತಿತು. ಅದರ ಮೈತುಂಬ ಇದ್ದ ಬರಹವನ್ನು ಓದಲು ಪಂಡಿತರನ್ನು ಕರೆಸಿದರು. ಯಾರಿಗೂ ಒಂದಕ್ಷರ ಹತ್ತಲಿಲ್ಲ. ಸಾವಿರಾರು ತೋಳುಗಳು ಹೊತ್ತು ತಂದದ್ದನ್ನು ಓದಬಲ್ಲ ಒಂದು ಜೊತೆ ಕಣ್ಣು ಇಡೀ ರಾಜಧಾನಿಯಲ್ಲಿ ಸಿಗಲಿಲ್ಲ.

17ನೆಯ ಶತಮಾನದ ಮೊದಲಲ್ಲಿ ಬಂದ ಇಂಗ್ಲಿಷ್ ಯಾತ್ರಿಕ ಥಾಮಸ್ ಕೊರಿಯಟ್ ಆ ಕಂಬ ನೋಡಿ, ಇದು ಗ್ರೀಕ್ ಬರಹ, ಅಲೆಕ್ಸಾಂಡರ್ ಪೌರವನನ್ನು ಗೆದ್ದ ನೆನಪಿಗೆ ನೆಟ್ಟದ್ದು ಎಂದು ತೀರ್ಮಾನಿಸಿಬಿಟ್ಟರು. ಕೆಲವು ಅಕ್ಷರಗಳು ಗ್ರೀಕ್ ಅಕ್ಷರಗಳನ್ನು ಹೋಲುತ್ತಿದ್ದುದು ನಿಜ. ಆ ಹೋಲಿಕೆ ಬಹಳ ಕಾಲ ಹಲವರ ದಾರಿ ತಪ್ಪಿಸಿತು.

ದಾರಿ ತೆರೆದದ್ದು ಕಲ್ಕತ್ತೆಯ ಟಂಕಸಾಲೆಯಲ್ಲಿ. ಜೇಮ್ಸ್ ಪ್ರಿನ್ಸೆಪ್ ಅಲ್ಲಿ ಲೋಹಪರೀಕ್ಷಕರು. 1819ರಲ್ಲಿ, ಇಪ್ಪತ್ತರ ಹರೆಯದಲ್ಲಿ ಭಾರತಕ್ಕೆ ಬಂದಿದ್ದ ಅವರ ಕೆಲಸ ಬೆಳ್ಳಿ ಬಂಗಾರಗಳನ್ನು ಕರಗಿಸಿ, ತೂಗಿ, ಬೆರಕೆ ಎಷ್ಟೆಂದು ಹೇಳುವುದು. ಬಿಡುವಿನ ವೇಳೆಯೆಲ್ಲ ವಿದ್ವಾಂಸರ ಸಂಘವಾದ ಏಷ್ಯಾಟಿಕ್ ಸೊಸೈಟಿಗೆ ಮೀಸಲು. 1834ರಲ್ಲಿ ಅಲಹಾಬಾದಿನ ಕಂಬದ ಬರಹದ ಪ್ರತಿ ಕೈಗೆ ಬಂದಾಗ ಅವರು ಅದನ್ನು ಲೋಹದಂತೆಯೇ ಪರೀಕ್ಷೆಗೆ ಹಚ್ಚಿದರು. ಅರ್ಥ ಊಹಿಸುವ ಗೊಡವೆಗೆ ಹೋಗದೆ ಅಕ್ಷರಗಳನ್ನು ಎಣಿಸಿದರು, ರೂಪ ನೋಡಿ ವಿಂಗಡಿಸಿದರು, ಯಾವುದು ಎಷ್ಟು ಸಲ ಬಂದಿದೆ ಎಂದು ಪಟ್ಟಿ ಮಾಡಿದರು. ಒಂದೇ ಮೂಲಾಕ್ಷರದ ನೆತ್ತಿಗೊಮ್ಮೆ, ಬುಡಕ್ಕೊಮ್ಮೆ, ಪಕ್ಕಕ್ಕೊಮ್ಮೆ ಪುಟ್ಟ ಗೀಟುಗಳು ಸೇರಿಕೊಳ್ಳುತ್ತಿದ್ದವು. ಅದು ಕಾಗುಣಿತ! ಗ್ರೀಕಿನ ಭ್ರಮೆ ಅಲ್ಲಿಗೆ ಹರಿಯಿತು. ಇದು ಈ ನೆಲದ್ದೇ ಲಿಪಿ.

ಬಿಹಾರದ ಇನ್ನೊಂದು ಕಂಬದ ಪ್ರತಿಯೂ ಬಂತು. ದೆಹಲಿ, ಅಲಹಾಬಾದ್, ಬಿಹಾರಗಳ ಪ್ರತಿಗಳನ್ನು ಒತ್ತಟ್ಟಿಗೆ ಹರಡಿ ನೋಡಿದ ಪ್ರಿನ್ಸೆಪ್ ಬೆರಗಾದರು. ನೂರಾರು ಮೈಲಿ ಅಂತರದ ಮೂರು ಕಂಬಗಳ ಮೇಲೂ ಬಹುಪಾಲು ಅದೇ ಮಾತು. ಅದರಲ್ಲೂ 15 ಅಕ್ಷರಗಳ ಒಂದು ಸಾಲು ಪಲ್ಲವಿಯಂತೆ ಮತ್ತೆ ಮತ್ತೆ ಬರುತ್ತಿತ್ತು. ಯಾರೋ ಒಬ್ಬರು ಒಂದೇ ಸಂಗತಿಯನ್ನು ನಾಡಿನ ಉದ್ದಗಲಕ್ಕೂ ಹೇಳಲು ಹಟ ಹಿಡಿದಿದ್ದರು. ಏನದು? ಮೂರು ವರ್ಷ ಆ ಪ್ರಶ್ನೆ ಮುಂದೆ ಸರಿಯಲಿಲ್ಲ. ಈ ನಡುವೆ ವಿದ್ವಾಂಸ ಕ್ರಿಸ್ಟಿಯನ್ ಲಾಸ್ಸೆನ್ ಎರಡು ಲಿಪಿಗಳಿದ್ದ ನಾಣ್ಯವೊಂದರಿಂದ ಅಗಾಥೊಕ್ಲಿಸ್ ಎಂಬ ದೊರೆಯ ಹೆಸರು ಬಿಡಿಸಿ ಕೆಲವು ಅಕ್ಷರಗಳನ್ನು ಗುರುತಿಸಿದರು. ಆದರೂ ಬೀಗ ಬಿಚ್ಚಲಿಲ್ಲ.

1837ರಲ್ಲಿ ಸಾಂಚಿಯಿಂದ ಒಂದು ಕಟ್ಟು ಬಂತು. ಕ್ಯಾಪ್ಟನ್ ಎಡ್ವರ್ಡ್ ಸ್ಮಿತ್ ಅಲ್ಲಿನ ಸ್ತೂಪದ ಕಟಕಟೆಯ ಕಂಬ, ಅಡ್ಡಗಲ್ಲುಗಳ ಮೇಲಿದ್ದ ತುಂಡು ಬರಹಗಳನ್ನು ನಕಲು ಮಾಡಿ ಕಳಿಸಿದ್ದರು. ಉದ್ದನೆಯ ಶಾಸನಕ್ಕೆ ಕಾದಿದ್ದವರಿಗೆ ಬಂದದ್ದು ಅರ್ಧ ಸಾಲು, ಒಂದು ಸಾಲಿನ ಚೂರುಗಳು. ಪ್ರಿನ್ಸೆಪ್ ಅವನ್ನು ಅಚ್ಚಿಗೆ ಹೊಂದಿಸುತ್ತ ಕುಳಿತಿದ್ದಾಗ ಕಣ್ಣಿಗೊಂದು ವಿಷಯ ಬಿತ್ತು. ಹೆಚ್ಚುಕಡಿಮೆ ಎಲ್ಲ ಚೂರುಗಳೂ ಅವೇ ಎರಡು ಅಕ್ಷರಗಳಿಂದ ಮುಗಿಯುತ್ತಿದ್ದವು. ಒಂದೊಂದು ಕಲ್ಲಿಗೆ ಒಂದೊಂದು ಪುಟ್ಟ ಬರಹವೆಂದ ಮೇಲೆ ಅದು ರಾಜಾಜ್ಞೆ ಇರಲಾರದು. ಗುಡಿಯ ಮೆಟ್ಟಿಲಿಗೂ ಕಂಬಕ್ಕೂ ಜನ ಹೆಸರು ಕೆತ್ತಿಸುವುದೇಕೆ? ಕೊಟ್ಟದ್ದನ್ನು ಹೇಳಲು. ಹಾಗಾದರೆ ಕೊನೆಯ ಎರಡು ಅಕ್ಷರ ‘ದಾನಂ’. ಅದರ ಹಿಂದಿನದು ‘ಸ’, ಅಂದರೆ ‘ಇಂಥವರ’. ಇಂಥವರ ದಾನ! ದ ಸಿಕ್ಕಿತು, ನ ಸಿಕ್ಕಿತು, ಸ ಸಿಕ್ಕಿತು. ಒಂದು ಅಕ್ಷರ ಇನ್ನೊಂದರ ಕೈಹಿಡಿದು ಎಳೆದುಕೊಂಡು ಬಂತು. ಸುಲ್ತಾನನ ಪಂಡಿತರಿಗೆ ಒಲಿಯದ ಲಿಪಿಯ ಕೀಲಿಕೈ ಸಾಮಾನ್ಯ ಭಕ್ತರ ಕಾಣಿಕೆಯ ಸಾಲುಗಳಲ್ಲಿ ಸಿಕ್ಕಿತು.

ಪಂಡಿತ ಕಮಲಾಕಾಂತರನ್ನು ಜೊತೆಗಿಟ್ಟುಕೊಂಡು ಪ್ರಿನ್ಸೆಪ್ ದೆಹಲಿಯ ಕಂಬಕ್ಕೆ ಮರಳಿದರು. ಭಾಷೆ ಸಂಸ್ಕೃತವಲ್ಲ, ಜನರ ಬಾಯಿಯ ಪ್ರಾಕೃತ. ಆ 15 ಅಕ್ಷರಗಳು ಬಿಚ್ಚಿಕೊಂಡವು: ದೇವರಿಗೆ ಪ್ರಿಯನಾದ ಪ್ರಿಯದರ್ಶಿ ರಾಜ ಹೀಗೆ ಹೇಳುತ್ತಾನೆ. ಒಗಟು ಒಡೆಯಿತು ಎನ್ನುವಷ್ಟರಲ್ಲಿ ಇನ್ನೊಂದು ಒಗಟು ಎದುರಾಯಿತು. ಯಾರು ಈ ಪ್ರಿಯದರ್ಶಿ? ಯಾವ ರಾಜವಂಶದ ಪಟ್ಟಿಯಲ್ಲೂ ಆ ಹೆಸರು ಸಿಗಲಿಲ್ಲ. ಸಿಂಹಳದ ರಾಜನಿರಬಹುದೆಂದು ಪ್ರಿನ್ಸೆಪ್ ಮೊದಲು ಎಣಿಸಿದರು. ಅದೇ ವರ್ಷ ಸಿಂಹಳದಿಂದಲೇ ಉತ್ತರ ಬಂತು. ಅಲ್ಲಿ ಅಧಿಕಾರಿಯಾಗಿದ್ದ ಜಾರ್ಜ್ ಟರ್ನರ್ ದೀಪವಂಶವೆಂಬ ಪಾಲಿ ಗ್ರಂಥವನ್ನು ತಿರುವಿಹಾಕುತ್ತಿದ್ದಾಗ ಪ್ರಿಯದರ್ಶಿ ಬೇರಾರೂ ಅಲ್ಲ, ಚಂದ್ರಗುಪ್ತನ ಮೊಮ್ಮಗ, ಬಿಂದುಸಾರನ ಮಗ ಅಶೋಕ ಎಂಬುದು ಕಂಡಿತು.

ಆ ಗೆಲುವನ್ನು ಅನುಭವಿಸಲು ಪ್ರಿನ್ಸೆಪ್ ಬಹಳ ದಿನ ಉಳಿಯಲಿಲ್ಲ. ಹಗಲು ಟಂಕಸಾಲೆ, ರಾತ್ರಿ ಶಾಸನ ಎಂದು ದುಡಿದ ದೇಹ ಕುಸಿಯಿತು. 1838ರಲ್ಲಿ ಕಾಯಿಲೆಯಿಂದ ಜರ್ಜರಿತರಾಗಿ ಹಡಗು ಹತ್ತಿದರು. ಚೇತರಿಸಿಕೊಳ್ಳಲಿಲ್ಲ. 1840ರಲ್ಲಿ ಲಂಡನ್ನಿನಲ್ಲಿ ತೀರಿಕೊಂಡಾಗ ಅವರಿಗೆ 40 ವರ್ಷ. ಮುಂದೆ ಎಚ್. ಎಚ್. ವಿಲ್ಸನ್ನರಂಥ ದೊಡ್ಡ ವಿದ್ವಾಂಸರೇ ಪ್ರಿಯದರ್ಶಿ ಅಶೋಕನೆಂಬ ಮಾತನ್ನು ಅನುಮಾನಿಸಿದರು. ಆವರೆಗೆ ಸಿಕ್ಕ ಪ್ರಿಯದರ್ಶಿಯ ಶಾಸನಗಳಲ್ಲಿ ಎಲ್ಲೂ ಅಶೋಕ ಎಂಬ ಹೆಸರೇ ಇರಲಿಲ್ಲವಲ್ಲ!

ಲಿಪಿಯ ಬೀಗ ಬಿಚ್ಚಿದ ಅದೇ 1837ರಲ್ಲಿ ಬೆಂಗಳೂರಿನ ಮಿಷನರಿಯೊಬ್ಬರ ಮನೆಯಲ್ಲಿ ಒಂದು ಗಂಡುಮಗು ಹುಟ್ಟಿತ್ತು. ಬೆಂಜಮಿನ್ ಲೂಯಿಸ್ ರೈಸ್. ಬೆಳೆದು ಮೇಷ್ಟರಾದರು, ಶಾಲೆಗಳ ಅಧಿಕಾರಿಯಾಗಿ ಮೈಸೂರು ಸಂಸ್ಥಾನವನ್ನು ಸುತ್ತಿದರು, ಹಳ್ಳಿಹಳ್ಳಿಯಲ್ಲಿ ಬಿದ್ದಿದ್ದ ಶಾಸನಗಳ ನಂಟು ಹಚ್ಚಿಕೊಂಡರು. ಸುಮಾರು 9000 ಶಾಸನಗಳನ್ನು ಬೆಳಕಿಗೆ ತಂದ ಆ ಅಲೆದಾಟ 1892ರಲ್ಲಿ ಮೊಳಕಾಲ್ಮುರಿಗೆ ಬಂದು ಮುಟ್ಟಿತು. ಕದಂಬ, ಗಂಗ, ಹೊಯ್ಸಳರ ಕಲ್ಲುಗಳನ್ನು ಓದಿ ಪಳಗಿದ್ದ ಕಣ್ಣಿಗೆ ಅಕ್ಷರಗುಂಡಿನ ಮೇಲೆ ಕಂಡದ್ದು ಆ ಯಾವ ಲಿಪಿಯೂ ಅಲ್ಲ. ಪ್ರಿನ್ಸೆಪ್ ಬಿಡಿಸಿದ ಬ್ರಾಹ್ಮಿ ಅದು! ಬಳೆಗಾರರ ಗುಂಡಿನ ಮೇಲೂ ಸಿದ್ದಾಪುರದ ಬಂಡೆಯ ಮೇಲೂ ಇದ್ದದ್ದು ಅದೇ. ಅಶೋಕನ ಮಾತು ಚಿತ್ರದುರ್ಗದ ಬೆಟ್ಟದವರೆಗೂ ನಡೆದು ಬಂದಿತ್ತು.

ಬ್ರಹ್ಮಗಿರಿಯ ಬರಹ ಓಲೆಯಂತೆ ಶುರುವಾಗಿತ್ತು. ಸುವರ್ಣಗಿರಿಯಿಂದ ರಾಜಕುಮಾರನೂ ಮಹಾಮಾತ್ರರೆಂಬ ಅಧಿಕಾರಿಗಳೂ ಇಸಿಲವೆಂಬ ಊರಿನ ಮಹಾಮಾತ್ರರಿಗೆ ಮೊದಲು ಕ್ಷೇಮ ಕೇಳಿ, ಆಮೇಲೆ ಅಪ್ಪಣೆ ತಿಳಿಸಿದ್ದರು. ಕೊನೆಯಲ್ಲಿ ಚಪಡ ಎಂಬ ಲಿಪಿಕಾರ ತನ್ನ ಹೆಸರು ಬರೆದು, ‘ಲಿಪಿಕಾರನಿಂದ’ ಎಂಬ ಒಂದು ಪದವನ್ನು ಮಾತ್ರ ವಾಯವ್ಯದ ಗಡಿನಾಡಿನ ಖರೋಷ್ಠಿ ಲಿಪಿಯಲ್ಲಿ, ಬಲದಿಂದ ಎಡಕ್ಕೆ ಬರೆದಿದ್ದ. ನಡುವೆ 256 ಎಂಬ ಸಂಖ್ಯೆಯೊಂದು ಕುಳಿತಿತ್ತು. ಬುದ್ಧ ತೀರಿಕೊಂಡು 256 ವರ್ಷವಾಯಿತೆಂದು ವಿದ್ವಾಂಸ ಬ್ಯೂಲರ್ ಅರ್ಥ ಹಚ್ಚಿದರು. ಅದರ ಮೇಲೆ ಕಾಲಗಣನೆಯ ಜಗ್ಗಾಟ ನಡೆಯಿತು. ಅದು ವರ್ಷಗಳ ಲೆಕ್ಕವಲ್ಲ, ರಾಜ ಅರಮನೆ ಬಿಟ್ಟು ಪ್ರವಾಸದಲ್ಲಿ ಕಳೆದ ರಾತ್ರಿಗಳ ಲೆಕ್ಕ ಎಂಬುದು ಆಮೇಲೆ ತಿಳಿಯಿತು.

ಹೆಸರಿನ ಅನುಮಾನ ಮಾತ್ರ ಉಳಿದೇ ಇತ್ತು. 1915ರ ಜನವರಿಯಲ್ಲಿ ರಾಯಚೂರು ಸೀಮೆಯ ಮಸ್ಕಿಯಲ್ಲಿ ಸಿ. ಬೀಡನ್ ಎಂಬ ಗಣಿ ಎಂಜಿನಿಯರು ಚಿನ್ನದ ಜಾಡು ಹಿಡಿದು ಗುಡ್ಡ ಹತ್ತಿದ್ದರು. ಗುಂಡುಗಳ ಮರೆಯಲ್ಲಿ ಕಂಡದ್ದು ಮಳೆಗಾಳಿಗೆ ಸವೆದ, ಅಲ್ಲಲ್ಲಿ ಸಿಡಿದುಹೋದ ಅಕ್ಷರಗಳು. ಶಾಸನತಜ್ಞ ಎಚ್. ಕೃಷ್ಣಶಾಸ್ತ್ರಿಗಳು ಅದನ್ನು ಬಿಡಿಸಿದರು. ಮೊದಲ ಸಾಲಿನಲ್ಲೇ ‘ದೇವಾನಂಪಿಯಸ’ ಎಂಬುದರ ಪಕ್ಕದಲ್ಲಿ ‘ಅಸೋಕಸ’ ಎಂದಿತ್ತು. ಪ್ರಿನ್ಸೆಪ್ ಕಣ್ಮುಚ್ಚಿ 75 ವರ್ಷವಾದ ಮೇಲೆ, ಚಿನ್ನ ಹುಡುಕಿ ಬಂದವರ ಕೈಗೆ ಅದಕ್ಕಿಂತ ಬೆಲೆಯ ಒಂದು ಹೆಸರು ಸಿಕ್ಕಿತು.

ಕತೆ ಅಲ್ಲಿಗೂ ನಿಲ್ಲಲಿಲ್ಲ. ಭೀಮಾ ತೀರದ ಸನ್ನತಿಯಲ್ಲಿ, ಚಂದ್ರಲಾಂಬಾ ಗುಡಿಯ ಆವರಣದ ಕಾಳಿ ಗುಡಿಯ ಚಾವಣಿ 1986ರಲ್ಲಿ ಕುಸಿದು ಮೂರ್ತಿ ಭಿನ್ನವಾಯಿತು. ಜೀರ್ಣೋದ್ಧಾರಕ್ಕೆಂದು ಪೀಠ ಕದಲಿಸಿದಾಗ ಆ ಪೀಠವೇ ಅಶೋಕನ ಶಾಸನದ ಚಪ್ಪಡಿ ಎಂಬುದು ಬಯಲಾಯಿತು. ಮೂರ್ತಿ ಕೂರಿಸಲು ಹಿಂದೆ ಯಾರೋ ಅಕ್ಷರಗಳ ನಡುವೆಯೇ ಕುಳಿ ತೋಡಿದ್ದರು. ಬಳೆಗಾರರು ತೋಡಿದಂತೆಯೇ. ಅದರ ಮೇಲಿದ್ದುದರಲ್ಲಿ ಒಂದು, ನಾಲಗೆಗೆ ಕಡಿವಾಣ ಹಾಕಿರೆಂಬ ಶಾಸನ: ತನ್ನ ಮತ ಹೊಗಳಿ ಪರರ ಮತ ಹಳಿಯುವವನು ತನ್ನ ಮತಕ್ಕೇ ಕೇಡು ತರುತ್ತಾನೆ.

ಇಷ್ಟು ಜನ, ಇಷ್ಟು ಕಾಲ ಬೆನ್ನು ಹತ್ತಿದ ಆ ಮಾತಿನ ಹಿನ್ನೆಲೆ ರಾಜನದೇ ಇನ್ನೊಂದು ಶಾಸನದಲ್ಲಿತ್ತು. ಪಟ್ಟವೇರಿ ಎಂಟು ವರ್ಷವಾದಾಗ ಅವನು ಕಳಿಂಗವನ್ನು ಗೆದ್ದ. ಒಂದು ಲಕ್ಷ ಜನ ಸತ್ತರು, ಒಂದೂವರೆ ಲಕ್ಷ ಜನರನ್ನು ಸೆರೆಹಿಡಿದು ಒಯ್ದರು ಎಂದು ಅವನೇ ಬರೆಸಿ, ಪಶ್ಚಾತ್ತಾಪವನ್ನೂ ಬರೆಸಿದ. ಅನಂತರ ಹಲವು ಭಾಷೆ, ಹಲವು ಮತಗಳ ನಾಡಿಗೆ ಒಟ್ಟಾಗಿ ಒಪ್ಪುವಂಥ ನಡತೆ ಯಾವುದೆಂದು ಹುಡುಕಿದ. ಅವನು ಆರಿಸಿಕೊಂಡದ್ದು ಅಕ್ಷರಗುಂಡಿನ ಕೆಲವೇ ಸಾಲುಗಳಲ್ಲಿ ಅಡಗಿತ್ತು. ತಾಯಿತಂದೆಯರ ಮಾತು ಕೇಳಬೇಕು. ಜೀವಿಗಳಲ್ಲಿ ದಯೆ ಗಟ್ಟಿಯಾಗಿರಬೇಕು. ನಿಜ ನುಡಿಯಬೇಕು. ಶಿಷ್ಯ ಗುರುವನ್ನು ಗೌರವಿಸಬೇಕು. ಬಂಧುಗಳಲ್ಲಿ ತಕ್ಕಂತೆ ನಡೆದುಕೊಳ್ಳಬೇಕು. ಇದರ ಫಲ ದೊಡ್ಡವರಿಗಷ್ಟೇ ದಕ್ಕುವುದಲ್ಲ, ಶ್ರಮಪಟ್ಟರೆ ಸಣ್ಣವರಿಗೂ ದಕ್ಕುತ್ತದೆ.

ಈ ನಡತೆಯನ್ನು ತಾನು ಹೊಸದಾಗಿ ಹುಟ್ಟಿಸಿದೆ ಎಂದು ರಾಜ ಹೇಳಿಕೊಳ್ಳಲಿಲ್ಲ. ಇದು ಪುರಾತನ ರೀತಿ, ದೀರ್ಘಾಯುಸ್ಸು ಕೊಡುವಂಥದ್ದು ಎಂದು ಬರೆಸಿದ. ಅವನು ಜನರ ಮನೆಗಳಿಂದಲೇ ಆಯ್ದ ಮಾತುಗಳನ್ನು ಕಲ್ಲಿಗೇರಿಸಿ ಜನರಿಗೇ ಮರಳಿಸಿದ್ದ. ಲಿಪಿ ಮರೆತುಹೋಯಿತು, ರಾಜನ ಹೆಸರು ಅಳಿಸಿಹೋಯಿತು. ಆ ಮಾತುಗಳು ಮಾತ್ರ ಅಳಿಯಲಿಲ್ಲ. ಜಟಿಂಗ ರಾಮೇಶ್ವರದ ಜಾತ್ರೆಗೆ ಬಂದ ತಾಯಂದಿರು ಬಳೆಗಾರರ ಗುಂಡಿನ ಮೇಲೆ ಕೂತು ಬಳೆ ತೊಡಿಸಿಕೊಂಡು, ಕಲ್ಲಿನ ಮೇಲೆ ಏನಿದೆಯೆಂದು ಅರಿಯದೆಯೇ, ಮನೆಗೆ ಹೋಗಿ ಮಕ್ಕಳಿಗೆ ಅವನ್ನೇ ಹೇಳಿಕೊಡುತ್ತಿದ್ದರು.